ಸೆರೆಯಿಂದ ತೆನೆಯವರೆಗೆ: ಕರಾವಳಿಯ ಕ್ರೈಸ್ತರ ಮೊಂತಿ ಹಬ್ಬ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೊಂಕಣಿ ಮಾತಿನ ಕಥೋಲಿಕ ಕ್ರೈಸ್ತರು ಪ್ರತಿವರ್ಷ ಸೆಪ್ಟೆಂಬರ್ 8ರಂದು ಆಚರಿಸುವ ‘ಮೊಂತಿ ಫೆಸ್ತ್’ ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನವೂ ಹೌದು, ಹೊಸ ಬೆಳೆಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವ ತೆನೆ ಹಬ್ಬವೂ ಹೌದು. ಹೂವು, ತೆನೆ, ಪಾಯಸಗಳ ಈ ಹಬ್ಬವನ್ನು ಉಳಿಸಿಕೊಂಡು ಬಂದ ಸಮುದಾಯದ ಚರಿತ್ರೆಯಲ್ಲಿ ಹದಿನೈದು ವರ್ಷಗಳ ಸೆರೆವಾಸವಿದ್ದು, ಅದನ್ನು ಬದಿಗಿಟ್ಟರೆ ಹಬ್ಬದ ಕೃತಜ್ಞತೆಯ ಆಳ ಪೂರ್ತಿಯಾಗಿ ತಿಳಿಯುವುದಿಲ್ಲ.

ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ಗೋವೆಯಿಂದ ಹಲವು ಅಲೆಗಳಲ್ಲಿ ವಲಸೆ ಬಂದ ಈ ಕುಟುಂಬಗಳಲ್ಲಿ ಹೆಚ್ಚಿನವು ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಬೇಸಾಯಕ್ಕೆ ತೊಡಗಿ, ತುಳುನಾಡಿನ ಮಣ್ಣಿಗೂ ಅದರ ಋತುಮಾನಕ್ಕೂ ಒಗ್ಗಿಕೊಂಡವು. ಹೊಸ ತೆನೆಯನ್ನು ಮನೆ ತುಂಬಿಸಿಕೊಂಡು ಹೊಸ ಅಕ್ಕಿಯನ್ನು ಉಣ್ಣುವ ಪದ್ಧತಿ ನೆರೆಯ ತುಳುವರಲ್ಲಿಯೂ ಇರುವುದರಿಂದ, ಮೊಂತಿ ಹಬ್ಬವನ್ನು ಕ್ರೈಸ್ತ ನಂಬಿಕೆಯೂ ನೆಲದ ಆಚಾರವೂ ಬೆಸೆದುಕೊಂಡ ಹಬ್ಬವೆನ್ನಬಹುದು. ನೇತ್ರಾವತಿ ದಡದ ಫರಂಗಿಪೇಟೆಯಲ್ಲಿದ್ದ ‘ಮೊಂತೆ ಮರಿಯಾನೊ’, ಅಂದರೆ ಮರಿಯಮ್ಮನ ಗುಡ್ಡ, ಎಂಬ ಆಶ್ರಮದ ಪಾದ್ರಿ ಜೋಕಿಂ ಮಿರಾಂಡಾ 1763ರಲ್ಲಿ ಇದನ್ನು ಆರಂಭಿಸಿದರೆಂಬುದು ಸಮುದಾಯದ ಪರಂಪರೆಯ ನಂಬಿಕೆ. ‘ಮೊಂತಿ’ ಎಂಬ ಹೆಸರನ್ನೂ ಆ ಗುಡ್ಡಕ್ಕೇ ಜೋಡಿಸಲಾಗುತ್ತದೆ.

ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಸೆರೆಯಾದವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆಬೇರೆಯಾಗಿ ಹೇಳಲಾಗಿದೆ. ಮಂಗಳೂರಿನ ರೊಸಾರಿಯೊ, ಮಿಲಾಗ್ರಿಸ್ ಸೇರಿದಂತೆ ಹಲವು ಇಗರ್ಜಿಗಳು ನೆಲಸಮವಾದವು. ಸಮುದಾಯದ ನೆನಪು ಈ ಬಂಧನವನ್ನು ಬೂದಿ ಬುಧವಾರದಂದು ನಡೆದದ್ದೆಂದು ಗುರುತಿಸುತ್ತದೆ. ಮನುಷ್ಯನು ಮಣ್ಣೇ ಎಂಬುದನ್ನು ನೆನಪಿಸಲು ಹಣೆಗೆ ಬೂದಿ ಹಚ್ಚಿ, ಯೇಸುವಿನ ಪುನರುತ್ಥಾನದ ಹಬ್ಬಕ್ಕೆ ಮುನ್ನ ಆಚರಿಸುವ ಉಪವಾಸದ ಕಾಲವನ್ನು ಆರಂಭಿಸುವ ದಿನವಿದು. ಹೀಗೆ ಗುರುತಿಸಿದ್ದರಿಂದ ಆ ದುಃಖಕ್ಕೆ ಕೊನೆಯಲ್ಲಿ ಪುನರುತ್ಥಾನವಿರುವ ಕಾಲಕ್ರಮದೊಳಗೇ ಒಂದು ಸ್ಥಾನ ದೊರಕಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದಾಗ ಬದುಕುಳಿದವರಿಗೆ ಬಿಡುಗಡೆಯಾಯಿತು. ಹಸಿವು, ಕಾಯಿಲೆ, ಬಲವಂತದ ಮತಾಂತರಗಳಿಂದ ಚದುರಿಹೋಗಿದ್ದ ಸಮುದಾಯದ ಒಂದು ಭಾಗ ಮಾತ್ರ ಕರಾವಳಿಗೆ ಮರಳಿತು. ಕೆಲವರು ಮೈಸೂರು ಸೀಮೆಯಲ್ಲಿಯೇ ಉಳಿದರೆ, ಸೆರೆಯಿಂದ ಮೊದಲೇ ತಪ್ಪಿಸಿಕೊಂಡಿದ್ದವರಿಗೆ ಕೊಡಗಿನ ವಿರಾಜಪೇಟೆ ಆಶ್ರಯ ನೀಡಿತ್ತು. ಮರಳಿದವರು ಕೈಬಿಟ್ಟುಹೋಗಿದ್ದ ಭೂಮಿಯನ್ನು ಮೆಲ್ಲಮೆಲ್ಲನೆ ಹಿಂಪಡೆದು ಉತ್ತು ಬಿತ್ತಿದರು. ಮಿಲಾಗ್ರಿಸ್ ಇಗರ್ಜಿ 1811ರಲ್ಲಿ, ರೊಸಾರಿಯೊ 1813ರಲ್ಲಿ ಮತ್ತೆ ತಲೆಯೆತ್ತಿದವು. ಹೀಗೆ ಹಿಂಪಡೆದ ಗದ್ದೆಯಲ್ಲಿ ಮೂಡಿದ ತೆನೆಯನ್ನು ದೇವರ ಮುಂದಿಡುವುದು ಆ ವರ್ಷದ ಬೆಳೆಗೆ ಸಲ್ಲಿಸುವ ವಂದನೆಯಷ್ಟೇ ಆಗಿರಲಾರದು.

ಹಬ್ಬಕ್ಕೆ ಮುನ್ನ ಒಂಬತ್ತು ದಿನ ನಡೆಯುವ, ನೊವೆನಾ ಎಂದು ಕರೆಯಲಾಗುವ ಪ್ರಾರ್ಥನೆಯಲ್ಲಿ ಮಕ್ಕಳು ತಟ್ಟೆ, ಬುಟ್ಟಿಗಳಲ್ಲಿ ತಂದ ಹೂಗಳನ್ನು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಆಶೀರ್ವದಿಸಿದ ತೆನೆಯನ್ನು ಮನೆಮನೆಗೆ ಹಂಚಲಾಗುತ್ತದೆ. ಮನೆಯಲ್ಲಿ ಅದನ್ನು ದೇವರ ಪೀಠದ ಬಳಿ ಇಟ್ಟು ಪ್ರಾರ್ಥಿಸಿ, ಸುಲಿದ ಕೆಲವು ಕಾಳುಗಳನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ಬಳಿಕ ಬಾಳೆಲೆಯ ಮೇಲೆ ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯ ತರಕಾರಿ ಪದಾರ್ಥಗಳನ್ನು ಬಡಿಸುವುದು ರೂಢಿ. ಆ ದಿನ ಮೀನು ಮಾಂಸವಿಲ್ಲ.

ದುಃಖದ ನಡುವೆಯೂ ಕೃತಜ್ಞತೆ ಸಲ್ಲಿಸುವುದು ಕ್ರೈಸ್ತ ಆರಾಧನೆಯ ಮೂಲದಲ್ಲಿಯೇ ಇದೆ. ಬಲಿಪೂಜೆಯ ಪ್ರಾಚೀನ ಹೆಸರಾದ ‘ಯೂಕರಿಸ್ತ್’ ಎಂಬ ಗ್ರೀಕ್ ಪದಕ್ಕೆ ಕೃತಜ್ಞತಾರ್ಪಣೆ ಎಂದೇ ಅರ್ಥ. ಯೇಸು ತನ್ನ ಮರಣದ ಹಿಂದಿನ ರಾತ್ರಿ ರೊಟ್ಟಿಯನ್ನು ಕೈಗೆತ್ತಿಕೊಂಡು, ದೇವರನ್ನು ವಂದಿಸಿ ಶಿಷ್ಯರಿಗೆ ಹಂಚಿದ ಭೋಜನವನ್ನು ಅದು ಸ್ಮರಿಸುತ್ತದೆ. ಆ ಮೇಜಿನಲ್ಲಿ ಅಗಲಿಕೆಯೂ ವಂದನೆಯೂ ಒಟ್ಟಿಗೇ ಇದ್ದವು. ಮೊಂತಿ ಹಬ್ಬದ ಊಟದಲ್ಲಿಯೂ ಮನೆಯಲ್ಲಿಲ್ಲದವರನ್ನು ಮರೆಯುವಂತಿಲ್ಲ: ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇರುವ ಮಕ್ಕಳ ಪಾಲಿನ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವ ಪದ್ಧತಿ ಬೆಳೆದುಬಂದಿದೆ. ಒಮ್ಮೆ ಚದುರಿಹೋಗಿ ಎಲ್ಲರೂ ಮರಳಿ ಬಾರದ ಈ ಸಮುದಾಯದಲ್ಲಿ ಹೊಸ ಅಕ್ಕಿಯ ಊಟ ಪೂರ್ಣವಾಗುವುದು ದೂರವಿರುವವರ ಪಾಲನ್ನು ಎತ್ತಿಟ್ಟ ಮೇಲೆಯೇ.