ತೂಕ ಬರೆದಿಟ್ಟವರು

ಕ್ರೈಸ್ತ ಸಭೆಯ ಸ್ಮರಣ ಸಂಚಿಕೆ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಅಡಿಗಲ್ಲು ಹಾಕಿದ ದಿನ, ಗಂಟೆ ತರಿಸಿಕೊಟ್ಟ ದೊರೆಯ ಹೆಸರು, ಸಭಾಪಾಲಕರ ಪಟ್ಟಿ, ಕೊನೆಯ ಪುಟಗಳಲ್ಲಿ ಅಡಿಕೆ ಮಂಡಿಯ, ಜವಳಿ ಅಂಗಡಿಯ ಜಾಹೀರಾತು. ಹೆತ್ತವರಿಗೂ ಹುಟ್ಟಿದ ಕೂಸುಗಳಿಗೂ ಅಲ್ಲಿ ಜಾಗ ಸಿಗುವುದು ಅಪರೂಪ. ಹಳೇ ಮೈಸೂರು ಸೀಮೆಯಲ್ಲಿ ಸಭೆ ಮಾಡಿದ ಕೆಲಸಗಳಲ್ಲಿ ಲೋಕವೇ ತಿರುಗಿ ನೋಡಿದ್ದು ಒಂದೇ ಒಂದನ್ನು. ಅದು ನಡೆದದ್ದು ಹೆರಿಗೆ ವಾರ್ಡಿನಲ್ಲಿ. ಆ ಕಥೆಯನ್ನು ಅಜ್ಜಂಪುರದಲ್ಲಿ ಕುಳಿತು ಹೇಳಹೊರಟರೆ ಕಥೆ ನಮ್ಮೂರಲ್ಲಿ ನಿಲ್ಲುವುದಿಲ್ಲ. ಬೀರೂರು, ಕಡೂರು ದಾಟಿ, ಅರಸೀಕೆರೆಯಲ್ಲಿ ಗಾಡಿ ಬದಲಿಸಿ, ಹಾಸನದ ಮೇಲೆ ಮೈಸೂರು ಸೇರಬೇಕು.

ಹಾಸನದಲ್ಲಿ ಮೊದಲು ಇಳಿಯೋಣ. 1876ರಿಂದ 78ರ ಬರಗಾಲದ ಮಾತನ್ನು ನಮ್ಮ ಸೀಮೆಯ ಹಳಬರ ಮನೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಆಡುತ್ತಿದ್ದರು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ ಮೇಲಿದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, ಎಂಟೂವರೆ ಲಕ್ಷಕ್ಕೂ ಹೆಚ್ಚು ಮಂದಿ ಕಡಿಮೆಯಾದರು. ತಾಯಿ ಸತ್ತು ಕೂಸು ಉಳಿದ ಮನೆಗಳೆಷ್ಟೋ. ಆಗ ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ವೆಸ್ಲಿಯನ್ ಮಿಷನ್ ಅನಾಥ ಗಂಡುಮಕ್ಕಳನ್ನು ತುಮಕೂರಿನಲ್ಲಿ, ಹೆಣ್ಣುಮಕ್ಕಳನ್ನು ಹಾಸನದಲ್ಲಿ ಇಟ್ಟುಕೊಂಡು ಸಾಕಿತು. ಹಸಿವಿನಲ್ಲಿ ಸಿಕ್ಕ ಮಕ್ಕಳನ್ನು ಕ್ರೈಸ್ತರನ್ನಾಗಿ ಬೆಳೆಸಿದರು ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಅದು ಸುಳ್ಳಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಆ ಮಕ್ಕಳನ್ನು ಕರೆದೊಯ್ಯಲು ಬೇರೆ ಯಾರೂ ಬಾಗಿಲಲ್ಲಿ ಕಾದು ನಿಂತಿರಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಹಾಸನದಲ್ಲಿ ಮುಂದೆ ಅದೇ ಮಿಷನ್ನಿನ ರೆಡ್‌ಫರ್ನ್ ಆಸ್ಪತ್ರೆ ಬಂತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಅವರ ನೆನಪಿನ ಆಸ್ಪತ್ರೆ ಎದ್ದಿತು. ಇಡೀ ಹೆಸರು ಯಾರ ಬಾಯಿಗೂ ಹೊರಳಲಿಲ್ಲ. ಮೈಸೂರಿನವರಿಗೆ ಅದು ಅಂದಿನಿಂದ ಮಿಷನ್ ಆಸ್ಪತ್ರೆಯೇ. ಪಕ್ಕದ ರಸ್ತೆಗೆ ಇಂದಿಗೂ ಮಿಷನರಿ ಜಾರ್ಜ್ ಸಾಡೆಯವರ ಹೆಸರಿದೆ. ಇದೇ ಕಾಲದಲ್ಲಿ ಬೇರೆ ಸಭೆಗಳೂ ಸುಮ್ಮನೆ ಕುಳಿತಿರಲಿಲ್ಲ. ಮಂಗಳೂರಿನಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಬಡವರಿಗೆ ಔಷಧಾಲಯ ತೆರೆದಿದ್ದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು. ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ಆರಂಭಿಸಿದರು. ಒಂದೊಂದಕ್ಕೂ ಒಂದೊಂದು ಸಂಚಿಕೆಯೇ ಬೇಕು, ಇಲ್ಲಿ ಹೆಸರು ಹೇಳಿ ಮುಂದೆ ಹೋಗುತ್ತೇನೆ.

ಹೆಣ್ಣುಮಕ್ಕಳಿಗೆ ಬೇರೆ ಆಸ್ಪತ್ರೆ ಯಾಕೆ ಬೇಕಿತ್ತು ಎಂದು ಇಂದಿನ ಹುಡುಗಿಯರಿಗೆ ಅನ್ನಿಸಬಹುದು. ಗಂಡು ಡಾಕ್ಟರ ಮುಂದೆ ಹೆರುವುದೆಂದರೆ ಅಂದು ಮೇಲುಜಾತಿಯ ಮನೆಯಲ್ಲೂ, ಗೋಷೆಯ ಮನೆಯಲ್ಲೂ ಆಗದ ಮಾತು. ಬಡವರಿಗೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಅವರಿಗೆ ಸೂಲಗಿತ್ತಿಯೇ ಡಾಕ್ಟರು. ಸೂಲಗಿತ್ತಿಯರನ್ನು ಹಗುರವಾಗಿ ನೋಡುವುದು ಮಿಷನ್ ವರದಿಗಳ ಒಂದು ಚಾಳಿ. ನನಗೆ ಅದು ಸರಿ ಕಾಣುವುದಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆ ವಿದ್ಯೆಯ ಘನತೆ ಎಲ್ಲರಿಗೂ ಕಂಡಿತು. ಆದರೂ ಅಡ್ಡ ತಿರುಗಿದ ಕೂಸಿಗೆ, ನಿಲ್ಲದ ರಕ್ತಸ್ರಾವಕ್ಕೆ, ಬಾಣಂತಿ ಸನ್ನಿಗೆ, ಹೊಕ್ಕುಳು ಕೊಯ್ದ ಕುಡುಗೋಲಿನಿಂದ ಬಂದ ಧನುರ್ವಾಯುವಿಗೆ ಸೂಲಗಿತ್ತಿಯ ಹತ್ತಿರ ಮದ್ದಿರಲಿಲ್ಲ. ಮಿಷನ್ ಆಸ್ಪತ್ರೆಯ ಬಾಗಿಲಿಗೆ ಬಂದವರಲ್ಲಿ ಹಿಂದೂಗಳಿದ್ದರು, ಮಂಡಿ ಮೊಹಲ್ಲಾದ ಮುಸ್ಲಿಮರಿದ್ದರು, ಕ್ರೈಸ್ತರಿದ್ದರು. ಬಂದವರು ಬಂದ ಧರ್ಮದಲ್ಲೇ ಮಗು ಎತ್ತಿಕೊಂಡು ಮನೆಗೆ ಹೋದರು.

ಅಲ್ಲಿನ ದಾದಿಯರಿಗೆ ಒಂದು ಅಭ್ಯಾಸವಿತ್ತು. ಕೂಸು ಹುಟ್ಟಿದೊಡನೆ ತೂಗುವುದು, ತಲೆಯಿಂದ ಹಿಮ್ಮಡಿಯವರೆಗೆ ಅಳೆಯುವುದು, ತಲೆಯ ಸುತ್ತಳತೆ ತೆಗೆಯುವುದು. ತೂಕ ಪೌಂಡಿನಲ್ಲಿ, ಔನ್ಸಿನಲ್ಲಿ. ಜೊತೆಗೆ ಬಸುರಿಯಾಗಿದ್ದಾಗ ತಾಯಿಯ ತೂಕವೆಷ್ಟಿತ್ತು, ಅವಳ ಸೊಂಟದ ಮೂಳೆಗಳ ಅಳತೆಯೆಷ್ಟು ಎಂಬುದೂ. ಎಲ್ಲವನ್ನೂ ಲೆಡ್ಜರಿನಲ್ಲಿ ಬರೆಯುತ್ತಿದ್ದರು. 1934ರಿಂದೀಚೆಗೆ ಹುಟ್ಟಿದ ಮಕ್ಕಳ ಈ ದಾಖಲೆ ಉಳಿದುಬಂದಿದೆ. ಇನ್ನೊಬ್ಬ ಬಸುರಿ ಪಕ್ಕದ ಮಂಚದಲ್ಲಿ ನೋವು ತಿನ್ನುತ್ತಿರುವಾಗ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾದು, ಕೈ ಒರೆಸಿಕೊಂಡು ಅಂಕಿ ಬರೆಯುವುದು ಸಣ್ಣ ಶಿಸ್ತಲ್ಲ. ಇದರಿಂದ ಮುಂದೆ ಯಾರಿಗಾದರೂ ಏನಾದರೂ ಆದೀತೆಂದು ಅವರಿಗೆ ಗೊತ್ತಿರಲಿಲ್ಲ. ಬರೆಯಬೇಕೆಂದು ಹೇಳಿದ್ದರು, ಬರೆದರು.

ನಮ್ಮೂರಿನವನಾದ್ದರಿಂದ ಇಲ್ಲಿ ಒಂದು ಮಾತು ಬಾಯಿಗೆ ಬರುತ್ತದೆ. ಅಜ್ಜಂಪುರ ಹೊರಗಿನವರಿಗೆ ಗೊತ್ತಿರುವುದು ಅಮೃತಮಹಲ್ ದನಗಳಿಂದ. ಮೈಸೂರು ಅರಸರ ಕಾಲದಿಂದ ಆ ದನಗಳಿಗೆ ಮೇಯಲು ಕಾವಲು ಇತ್ತು, ಮೇಲ್ವಿಚಾರಣೆಗೆ ಸರ್ವೇಗಾರನಿದ್ದ, ಕಾಲಕಾಲಕ್ಕೆ ಒಟ್ಟುಗೂಡಿಸಿ ಮುದ್ರೆ ಒತ್ತಿ ಲೆಕ್ಕ ಬರೆಯುವ ಕ್ರಮವಿತ್ತು. ಕರು ಯಾವ ಹಸುವಿನದೆಂಬುದು ಇಲಾಖೆಗೆ ಗೊತ್ತಿತ್ತು. ಅದೇ ಕಾವಲಿನ ಅಂಚಿನ ಹಟ್ಟಿಯಲ್ಲಿ ಹುಟ್ಟಿದ ಕೂಸು ಎಷ್ಟು ತೂಗಿತೆಂದು ಯಾರೂ ಕೇಳಲಿಲ್ಲ. ಕೂಸನ್ನು ತೂಗಿದರೆ ದೃಷ್ಟಿಯಾಗುತ್ತದೆಂಬ ಹೆದರಿಕೆ ಬೇರೆ.

1990ರ ದಶಕದಲ್ಲಿ ಮಿಷನ್ ಆಸ್ಪತ್ರೆಯ ಆ ಲೆಡ್ಜರುಗಳನ್ನು ಹುಡುಕಿಕೊಂಡು ಇಂಗ್ಲೆಂಡಿನಿಂದ ವೈದ್ಯರು ಬಂದರು. ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬವರು ಆ ಹೊತ್ತಿಗೆ ಒಂದು ವಾದ ಹೂಡಿದ್ದರು. ದೊಡ್ಡವರಿಗೆ ಬರುವ ಹೃದಯದ ಕಾಯಿಲೆಯ ಬೇರು ಅವರು ತಾಯಿಯ ಹೊಟ್ಟೆಯಲ್ಲಿದ್ದ ದಿನಗಳಲ್ಲಿದೆ ಎಂಬುದು ಅದು. ಹೊಟ್ಟೆಗೆ ಸಾಲದ ತಾಯಿಯೊಳಗೆ ಬೆಳೆಯುವ ಪಿಂಡ ಮೊದಲು ಮಿದುಳನ್ನು ಕಾಪಾಡಿಕೊಳ್ಳುತ್ತದೆ, ಉಳಿದ ಅಂಗಗಳಿಗೆ ಕೊರತೆ ಬೀಳುತ್ತದೆ, ಆ ಕೊರತೆ ನಲವತ್ತು ಐವತ್ತು ವರ್ಷದ ಮೇಲೆ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು. ಅವರ ಆಧಾರವೂ ದಾದಿಯರ ಲೆಡ್ಜರೇ. ಹರ್ಟ್‌ಫರ್ಡ್‌ಶೈರಿನಲ್ಲಿ ಎಥೆಲ್ ಮಾರ್ಗರೇಟ್ ಬರ್ನ್‌ಸೈಡ್ ಎಂಬ ಮೇಲ್ವಿಚಾರಕಿ 1911ರಿಂದ ಮನೆಮನೆಗೆ ದಾದಿಯರನ್ನು ಕಳಿಸಿ ಬರೆಸಿದ ಮಕ್ಕಳ ತೂಕದ ಪುಸ್ತಕಗಳು. ಇಂಗ್ಲೆಂಡಿನಲ್ಲಿ ನಿಜವಾದದ್ದು ಬಡ ದೇಶದಲ್ಲಿ ನಿಜವೇ ಎಂದು ನೋಡಲು ಹಳೆಯ ತೂಕದ ದಾಖಲೆ ಬೇಕಿತ್ತು. ಅಂಥದ್ದು ಸಿಗುವ ಜಾಗಗಳು ನಮ್ಮ ದೇಶದಲ್ಲಿ ತೀರಾ ವಿರಳ. ಮಂಡಿ ಮೊಹಲ್ಲಾದಲ್ಲಿ ಸಿಕ್ಕಿತು.

ಬಾರ್ಕರ್ ಜೊತೆ ಕೆಲಸ ಮಾಡಿದ ಕ್ಯಾರೊಲೀನ್ ಫಾಲ್, ಕ್ಲಾಡಿಯಾ ಸ್ಟೈನ್, ಕುಮಾರನ್ ಮೊದಲಾದವರು ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ವಿಚಾರಿಸಿ, ತಂದೆತಾಯಿಯ ಹೆಸರು ಕೇಳಿ, ಲೆಡ್ಜರಿನ ಸಾಲಿಗೆ ಹೊಂದಿಸಿದರು. ಹಾಗೆ ಸಿಕ್ಕ ಜನರಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯ ಪರೀಕ್ಷೆಯ ಫಲ 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ. ಏಳು ಪೌಂಡಿನ ಮೇಲಿದ್ದವರಲ್ಲಿ ನೂರಕ್ಕೆ ಮೂರು. ಕೂಸೂ ಐದೂವರೆ ಪೌಂಡಿನೊಳಗೆ, ಬಸುರಿ ತಾಯಿಯೂ ನೂರು ಪೌಂಡಿಗಿಂತ ಕಡಿಮೆ ಎಂಬ ಕಡೆ ನೂರಕ್ಕೆ 20. ನೂರು ಪೌಂಡೆಂದರೆ ನಲವತ್ತೈದು ಕಿಲೋ. ನಮ್ಮ ಈರುಳ್ಳಿ ಕಣಗಳಲ್ಲಿ ಕೂಲಿ ಮಾಡುವ ಎಷ್ಟು ಹೆಣ್ಣುಮಕ್ಕಳು ಅದಕ್ಕಿಂತ ಹೆಚ್ಚು ತೂಗುತ್ತಾರೆ?

ಇಷ್ಟಕ್ಕೇ ನಿಂತಿದ್ದರೆ ಲೆಕ್ಕ ಸಲೀಸಾಗುತ್ತಿತ್ತು. ಇದೇ ಮೈಸೂರಿನ ಜನರಲ್ಲಿ ಸಕ್ಕರೆ ಕಾಯಿಲೆಯನ್ನು ನೋಡಿದಾಗ ಬೇರೆಯೇ ಉತ್ತರ ಬಂತು. ಉದ್ದ ಕಡಿಮೆ, ಆದರೆ ಮೈ ತುಂಬಿಕೊಂಡು ಹುಟ್ಟಿದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಕಾಯಿಲೆ ಹೆಚ್ಚು. ಬಸುರಿನಲ್ಲಿ ತಾಯಿಗೇ ಸಕ್ಕರೆ ಏರಿರಬಹುದೇ ಎಂಬ ಅನುಮಾನ ಹುಟ್ಟಿತು. ಅದನ್ನು ಬಿಡಿಸಲು 1997-98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರಲ್ಲಿ 830 ಜನರನ್ನು ಪರೀಕ್ಷಿಸಿದರು. ನೂರಕ್ಕೆ ಆರು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಇತ್ತು. ಬಿ12 ಜೀವಸತ್ವದ ಕೊರತೆ ನೂರಕ್ಕೆ 43 ಮಂದಿಗೆ. ಆಗ ಹುಟ್ಟಿದ ಮಕ್ಕಳನ್ನು ಡಾಕ್ಟರ್ ಕೃಷ್ಣವೇಣಿ ಮತ್ತು ಅವರ ಸಂಗಡಿಗರು ಬೆಳೆಯುತ್ತ ಹೋದಂತೆ ಮತ್ತೆ ಮತ್ತೆ ಕರೆದು ನೋಡುತ್ತ ಬಂದರು. ಬಡತನವೆಂದರೆ ಊಟ ಕಡಿಮೆ ಎಂದಷ್ಟೇ ತಿಳಿದು ಅಕ್ಕಿ ಹಂಚಿದವರಿಗೆ ಇದರಲ್ಲಿ ಪಾಠವಿದೆ. ಅನ್ನ ಹೊಟ್ಟೆ ತುಂಬಿಸಿದರೂ ಹಾಲು, ಮೊಟ್ಟೆ, ಸೊಪ್ಪು, ಕಾಳು ಇಲ್ಲದಿದ್ದರೆ ಒಳಗಿನ ಕೂಸಿಗೆ ಬೇಕಾದ್ದೆಲ್ಲ ಮುಟ್ಟುವುದಿಲ್ಲ. ಬಸುರಿ ಹೆಚ್ಚು ತಿಂದರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ತಟ್ಟೆಗೆ ಕಡಿಮೆ ಬಡಿಸುವ ಅತ್ತೆಯರು ನಮ್ಮ ಕಡೆ ಇನ್ನೂ ಇದ್ದಾರೆ.

ಮತ್ತೆ ಸ್ವಲ್ಪ ಹಿಂದಕ್ಕೆ ಹೋದರೆ, 1947ರ ಸೆಪ್ಟೆಂಬರಿನಲ್ಲಿ ವೆಸ್ಲಿಯನ್ ಮಿಷನ್ನಿನ ಮೆಥಡಿಸ್ಟರೂ ಬೇರೆ ಸಭೆಗಳವರೂ ಸೇರಿ ದಕ್ಷಿಣ ಭಾರತ ಸಭೆಯಾದಾಗ ಮಿಷನ್ ಆಸ್ಪತ್ರೆ ಆ ಸಭೆಗೆ ಬಂತು. ಕಥೋಲಿಕರಿಗೆ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ ಬೇರೆಯಾಗಿ, ಅಲ್ಫೋನ್ಸಸ್ ಮಥಾಯಸ್ ಮೊದಲ ಬಿಷಪ್ಪರಾದರು. ಚಿಕ್ಕಮಗಳೂರಿನ ಹೋಲಿ ಕ್ರಾಸ್ ಆಸ್ಪತ್ರೆಯ ಹೆಸರು ನಮ್ಮ ಕಡೆಯವರಿಗೂ ಹೊಸದಲ್ಲ.

ಈಚಿನ ಕಾಲದಲ್ಲಿ ಇನ್ನೊಂದು ಬಗೆಯ ನೆರವು ಬಂತು. ಊರಿನ ಸಭೆಯನ್ನೇ ಕೇಂದ್ರ ಮಾಡಿಕೊಂಡು ಬಡ ಬಸುರಿಯರಿಗೆ, ಬಾಣಂತಿಯರಿಗೆ, ಕೂಸುಗಳಿಗೆ ಪೌಷ್ಟಿಕ ಆಹಾರ, ಮನೆ ಭೇಟಿ, ತಪಾಸಣೆ ಕೊಡಿಸುವುದು. ಇದರಲ್ಲಿ ದೊಡ್ಡ ಹೆಸರು ಅಮೆರಿಕದ ಕಂಪ್ಯಾಶನ್ ಇಂಟರ್‌ನ್ಯಾಷನಲ್. 2016ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದರ ಹಣಕ್ಕೆ ಮುಂಗಡ ಅನುಮತಿ ಬೇಕೆಂದಿತು. 2017ರ ಮಾರ್ಚಿನಲ್ಲಿ ಸಂಸ್ಥೆ ಭಾರತದ ಕೆಲಸ ಮುಗಿಸಿತು. ಆಗ ಅದರ ನೆರವಿನಲ್ಲಿದ್ದ ಮಕ್ಕಳು ದೇಶದಲ್ಲಿ ಒಂದೂಕಾಲು ಲಕ್ಷಕ್ಕೂ ಹೆಚ್ಚು. ಸರ್ಕಾರದ ಕಾರಣಗಳ ಚರ್ಚೆ ಬೇರೆಯವರಿಗೆ ಬಿಡುತ್ತೇನೆ. ಸಭೆಗೆ ನಾನು ಹೇಳುವುದು ಇಷ್ಟೇ. ಕಡಲಾಚೆಯ ಚಂದಾದ ಮೇಲೆ ನಿಂತ ಕೂಸಿನ ಹಾಲು ಒಂದು ಆದೇಶಕ್ಕೆ ನಿಂತುಹೋಗುತ್ತದೆ. ಮಿಷನ್ ಆಸ್ಪತ್ರೆಯ ಬುನಾದಿಗೂ ಕಡಲಾಚೆಯ ದುಡ್ಡು ಬಿದ್ದಿತ್ತು, ನಿಜ. ಆದರೆ ಅಲ್ಲಿ ನಮ್ಮ ಹೆಣ್ಣುಮಕ್ಕಳು ದಾದಿಯರಾಗಿ ಕಲಿತು ನಿಂತರು, ಆಸ್ಪತ್ರೆ ಮಿಷನರಿಗಳು ಹೋದಮೇಲೂ ನಡೆಯಿತು.

ಸಭೆ ಒಂಟಿಯಾಗಿ ಮಾಡುತ್ತಿದ್ದುದನ್ನು ಈಗ ಸರ್ಕಾರ ಊರೂರಿನಲ್ಲಿ ಮಾಡುತ್ತಿದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ತೆರೆದದ್ದು ತಿ. ನರಸೀಪುರದಲ್ಲಿ, ಮಿಷನ್ ಆಸ್ಪತ್ರೆಗೆ ಹೆಚ್ಚು ದೂರವಿಲ್ಲದ ತಾಲ್ಲೂಕಿನಲ್ಲಿ. ಇಂದು ಅಜ್ಜಂಪುರ ಹೋಬಳಿಯ ಯಾವ ಹಳ್ಳಿಗೆ ಹೋದರೂ ಅಂಗನವಾಡಿಯ ತೊಲೆಗೆ ತೂಗುಹಾಕಿದ ಗಡಿಯಾರದಂಥ ತಕ್ಕಡಿ ಕಾಣುತ್ತದೆ. ಕೂಸಿಗೆ ಚಡ್ಡಿಯಂಥ ಚೀಲ ತೊಡಿಸಿ ಕೊಕ್ಕೆಗೆ ಸಿಕ್ಕಿಸುತ್ತಾರೆ. ಕೂಸು ಕಾಲು ಝಾಡಿಸಿ ಅಳುತ್ತದೆ, ಮುಳ್ಳು ಅತ್ತಿತ್ತ ಓಡುತ್ತದೆ, ಟೀಚರು ಅದು ನಿಲ್ಲಲೆಂದು ಕತ್ತು ಎತ್ತಿ ಕಾಯುತ್ತಾರೆ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಟ್ಟುಕೊಂಡ ಮನೆಗಳೂ ಇವೆ, ಹೆರಿಗೆಯಾದ ತಿಂಗಳಿಗೇ ಕಳೆದುಕೊಂಡ ಮನೆಗಳೂ ಇವೆ. 2017ರ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ ತಂದಿತು. ಆದರೆ ಊಟ ಅಂಗನವಾಡಿಗೆ ಬಂದವರಿಗೆ. ಹಸಿ ಬಾಣಂತಿ ಹೊಸ್ತಿಲು ದಾಟದ ಪದ್ಧತಿ, ತರೀಕೆರೆಯ ಕಡೆ ತೋಟದ ಒಂಟಿ ಮನೆಗಳ ದೂರ, ಎರಡೂ ಆ ಊಟಕ್ಕೆ ಅಡ್ಡ ಬಂದವು.

ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿತ್ತೆಂದು 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅದೇ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಹೆರಿಗೆ ಮಂಚದವರೆಗೆ ನಾವು ತಾಯಿಯನ್ನು ತಂದಿದ್ದೇವೆ, ಅದಕ್ಕೆ ಮುಂಚಿನ ಒಂಬತ್ತು ತಿಂಗಳ ತಟ್ಟೆಯ ಹತ್ತಿರ ಹೋಗಿಲ್ಲ.

ಆದ್ದರಿಂದ ಅಜ್ಜಂಪುರ, ತರೀಕೆರೆ, ಕಡೂರಿನ ಸಭೆಗಳ ಸ್ತ್ರೀಯರ ಸಂಘಗಳಲ್ಲಿ ನನ್ನದು ಎರಡು ವಿನಂತಿ. ಕ್ರಿಸ್ಮಸ್‌ಗೆ ಸೀರೆ ಹಂಚುವ ದುಡ್ಡಿನಲ್ಲಿ ಒಂದು ಪಾಲನ್ನು ವರ್ಷವಿಡೀ ನಿಮ್ಮ ಬೀದಿಯ ಬಡ ಬಸುರಿಯರ ಮನೆಗೆ ಮೊಟ್ಟೆ, ಹಾಲು ತಲುಪಿಸಲು ಇಡಿ. ಜಾತಿ ಧರ್ಮ ಕೇಳಬೇಡಿ, ತಾಯಿ ಕಾರ್ಡಿನಲ್ಲಿ ತೂಕ ನೋಡಿ, ಬರೆದಿಡಿ. ಎರಡನೆಯದು, ದೇವಾಲಯಕ್ಕೆ ಸುಣ್ಣ ಹೊಡೆಸುವ ಮುನ್ನ ಹಿಂದಿನ ಕೋಣೆಯ ಬೀರು ತೆರೆಯಿರಿ. ದೀಕ್ಷಾಸ್ನಾನದ ರಿಜಿಸ್ಟರು, ಔಷಧಾಲಯದ ಚೀಟಿ, ದಾದಿಯರ ನೋಟ್‌ಬುಕ್ಕು ಏನೇ ಸಿಕ್ಕರೂ ಗೆದ್ದಲು ಕೊಡವಿ, ಒಣಗಿಸಿ, ಫೋಟೋ ತೆಗೆದು ಇಟ್ಟುಕೊಳ್ಳಿ. ದಯವಿಟ್ಟು ಗುಜರಿಗೆ ಹಾಕಬೇಡಿ.