‘ಇನ್ನು ಬಿಟ್ಟೇನು ಬಂತು?’

ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ‘ಇನ್ನು ಬೀಡಿ ಬಿಟ್ಟೇನು ಬಂತು?’ ಎನ್ನುವವರು ರೋಗಿಗಳಷ್ಟೇ ಅಲ್ಲ. ಮನೆಯವರೂ ಹಾಗೇ ಅನ್ನುತ್ತಾರೆ. ಬಹುಕಾಲ ವೈದ್ಯಲೋಕವೂ ಹೆಚ್ಚುಕಡಿಮೆ ಹಾಗೇ ನಡೆದುಕೊಂಡಿತು. 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1964ರ ಅಮೆರಿಕದ ಸರ್ಜನ್ ಜನರಲ್ ವರದಿ ಅದಕ್ಕೆ ಮುದ್ರೆಯೊತ್ತಿತು. ಆಮೇಲಿನ ಪ್ರಚಾರವೆಲ್ಲ ಇನ್ನೂ ರೋಗ ಬಾರದವರಿಗಾಗಿ.

ಈ ಉದಾಸೀನವನ್ನು ಅಲುಗಿಸಿದ್ದು 1993ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ. ತಲೆ, ಕುತ್ತಿಗೆ ಭಾಗದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಲೇ ಸೇದುತ್ತಿದ್ದವರಲ್ಲಿ ಗೆಡ್ಡೆ ಪೂರ್ತಿ ಕರಗಿದ್ದು ಶೇ. 45 ಮಂದಿಗೆ, ಸೇದದವರಲ್ಲಿ ಶೇ. 74. ಎರಡು ವರ್ಷದ ಹೊತ್ತಿಗೆ ಬದುಕಿದ್ದವರು ಕ್ರಮವಾಗಿ ಶೇ. 39 ಮತ್ತು 66. ಅದೇ ಯಂತ್ರ, ಅದೇ ಖರ್ಚು, ಫಲ ಮಾತ್ರ ಬೇರೆ. ವಿಕಿರಣ ಚೆನ್ನಾಗಿ ನಾಟಲು ಗೆಡ್ಡೆಯೊಳಗೆ ಆಮ್ಲಜನಕ ಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಜಾಗ ಕಸಿಯುತ್ತದೆ. ಶಸ್ತ್ರಚಿಕಿತ್ಸೆಯ ಗಾಯ ಮಾಯಲು ತಡವಾಗುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಎರ್ಲೋಟಿನಿಬ್‌ನಂಥ ಮಾತ್ರೆಯನ್ನು ಸೇದುವವರ ದೇಹ ಬೇಗ ಹೊರಹಾಕಿಬಿಡುತ್ತದೆ.

2014ರ ಸರ್ಜನ್ ಜನರಲ್ ವರದಿ ರೋಗಿಗಳ ಧೂಮಪಾನದಿಂದ ಸಾವಿನ ಪ್ರಮಾಣ ಹೆಚ್ಚುತ್ತದೆಂದು ಖಚಿತವಾಗಿ ಹೇಳಿತು. 2021ರಲ್ಲಿ ರಷ್ಯಾದ ಅಧ್ಯಯನವೊಂದು ಇನ್ನೂ ನೇರವಾದ ಉತ್ತರ ಕೊಟ್ಟಿತು: ಶ್ವಾಸಕೋಶದ ಕ್ಯಾನ್ಸರ್ ಆರಂಭದ ಹಂತಗಳಲ್ಲಿ ಪತ್ತೆಯಾದ ಮೇಲೆ ಬಿಟ್ಟವರ ಮಧ್ಯಕ ಬದುಕು 6.6 ವರ್ಷ, ಬಿಡದವರದು 4.8.

ನಮ್ಮಲ್ಲಿ 2002ರಲ್ಲಿ 13 ತಂಬಾಕು ಬಿಡಿಸುವ ಕ್ಲಿನಿಕ್‌ಗಳು ಶುರುವಾದವು. ಬೆಂಗಳೂರಿನ ನಿಮ್ಹಾನ್ಸ್ ಅವುಗಳಲ್ಲೊಂದು. 2016ರಲ್ಲಿ ದೆಹಲಿಯಲ್ಲಿ ಆರಂಭವಾದ ಉಚಿತ ದೂರವಾಣಿ ಸೇವೆ 2018ರಲ್ಲಿ ನಿಮ್ಹಾನ್ಸ್‌ಗೂ ಬಂತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಆ ಸೇವೆಯ 1800-11-2356 ಎಂಬ ಸಂಖ್ಯೆ ತಂಬಾಕಿನ ಪ್ಯಾಕೆಟ್ಟುಗಳ ಮೇಲೇ ಅಚ್ಚಾಗುತ್ತಿದೆ. ನಿಕೋಟಿನ್ ಬದಲಿ ಚಿಕಿತ್ಸೆ 2022ರಲ್ಲಿ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿ ಸೇರಿತು. ಆದರೆ ವಿಕಿರಣದಿಂದ ಬಾಯೆಲ್ಲ ಹುಣ್ಣಾದವರು ನಿಕೋಟಿನ್ ಗಮ್ ಅಗಿಯುವುದು ಹೇಗೆ? ಅಂಥವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿಯೇ ಸರಿ. ಎಲ್ಲರಿಗೂ ಒಂದೇ ಸಲಹಾಚೀಟಿ ಕೊಡುವವರು ಇದನ್ನು ಮರೆಯುತ್ತಾರೆ. ಇನ್ನೊಂದು ಮರೆವೂ ಇದೆ. ಕರ್ನಾಟಕದಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು; ಬೀಡಿ ಬಿಟ್ಟು ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿಕೊಂಡರೆ ಅದು ಬಿಟ್ಟಂತಲ್ಲ.

ಈಗ ಉತ್ತರ ಕನ್ನಡದ ಕಾಡಿನ ತಾಲೂಕು ಜೊಯಿಡಾಕ್ಕೆ ಬನ್ನಿ. ಇಲ್ಲಿನ ರೋಗಿ ಕ್ಯಾನ್ಸರ್ ಚಿಕಿತ್ಸೆಗೆ ಘಟ್ಟದ ಕಾಡು ದಾಟಿ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕು. ಆಸ್ಪತ್ರೆಯಲ್ಲಿರುವಷ್ಟು ದಿನ ಬೀಡಿ ಬಿಡುವುದು ಅಷ್ಟು ಕಷ್ಟವಲ್ಲ. ನೋವು, ಭಯ, ನರ್ಸಮ್ಮನ ಕಣ್ಣು ಎಲ್ಲ ಕಾಯುತ್ತವೆ. ಊರಿಗೆ ಮರಳಿ, ಮಳೆಗಾಲದ ಸಂಜೆ ಜಗಲಿಯಲ್ಲಿ ನೆಂಟರು ಬೀಡಿ ಹೊತ್ತಿಸಿದಾಗ ಪರೀಕ್ಷೆ ಶುರು. ಸಿಗ್ನಲ್ಲೇ ಸಿಗದ ಹಳ್ಳಿಗಳಿಗೆ ದೂರವಾಣಿಯ ಸಲಹೆ ತಲುಪುವುದಿಲ್ಲ. ಇಲ್ಲಿನ ಕುಣಬಿ ಸಮುದಾಯದವರ ಮನೆಮಾತು ಕೊಂಕಣಿ, ದನಗಾಹಿ ಗೌಳಿಗಳದು ಮರಾಠಿ. ಸಲಹೆಗಾರರ ಅಚ್ಚುಕಟ್ಟಾದ ಗ್ರಂಥಸ್ಥ ಕನ್ನಡ ಅವರಿಗೆ ಸರ್ಕಾರಿ ನೋಟಿಸಿನಂತೆ ಕೇಳೀತು. ಬಿಡುಗಡೆ ಚೀಟಿಯಲ್ಲಿ ಮುಂದಿನ ತಪಾಸಣೆಯ ತಾರೀಖಿನ ಪಕ್ಕ ‘ತಂಬಾಕು: ಬಿಟ್ಟಿದ್ದಾರೆ / ಬಿಟ್ಟಿಲ್ಲ’ ಎಂದು ಬರೆದು, ಅದರ ಪ್ರತಿಯನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದರೆ ಮುಂದಿನ ವಿಚಾರಣೆಯನ್ನು ಮನೆಮಾತು ಬಲ್ಲ ಆಶಾ ಕಾರ್ಯಕರ್ತೆಯೇ ನೋಡಿಕೊಳ್ಳಬಹುದು.