ಬೆನ್ನುಹುರಿಯ ಗಾಯದಲ್ಲಿ ಆಘಾತಭೇದ: ಕೊಪ್ಪಳ ಸೀಮೆಯನ್ನು ಲಕ್ಷಿಸಿ ಒಂದು ವಿವೇಚನೆ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯೆನಿಸಿದ ಕೊಪ್ಪಳ ಸೀಮೆಯಲ್ಲಿ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲದ ಅಟ್ಟಿಯ ಮೇಲಿಂದ ಜಾರಿದ ಹಮಾಲನಾಗಲಿ, ಕುಷ್ಟಗಿಯ ಹೆದ್ದಾರಿಯಲ್ಲಿ ಲಾರಿಗೆ ಸಿಲುಕಿದ ಬೈಕ್ ಸವಾರನಾಗಲಿ, ಯಲಬುರ್ಗಾದ ಎರೆಹೊಲದಲ್ಲಿ ಮಗುಚಿದ ಟ್ರ್ಯಾಕ್ಟರಿನಡಿ ಬಿದ್ದ ರೈತನಾಗಲಿ, ಕುತ್ತಿಗೆ ಇಲ್ಲವೆ ಬೆನ್ನು ಮುರಿದು ತಾಲೂಕು ಆಸ್ಪತ್ರೆಗೆ ಬಂದನೆಂದರೆ, ವೈದ್ಯನು ಮೊದಲು ಬಿಡಿಸಬೇಕಾದ ಪ್ರಶ್ನೆ ಮೂಳೆಯದಲ್ಲ, ರಕ್ತದೊತ್ತಡವು ಕುಸಿದುದೇಕೆ ಎಂಬುದು.

ಹೃದಯವನ್ನು ಚುರುಕುಗೊಳಿಸುವ, ರಕ್ತನಾಳಗಳನ್ನು ಬಿಗಿಹಿಡಿಯುವ ಸಿಂಪಥೆಟಿಕ್ ನರಗಳು ಬೆನ್ನುಹುರಿಯ ಎದೆಯ ಭಾಗದಿಂದಲೂ ಸೊಂಟದ ಮೇಲ್ಭಾಗದಿಂದಲೂ ಹೊರಡುವುವಾದುದರಿಂದ, ಎದೆಯ 6ನೆಯ ಕಶೇರುಕಕ್ಕಿಂತ ಮೇಲೆ ಹುರಿ ಜಜ್ಜಿದಾಗ ಅವಕ್ಕೆ ಮೆದುಳಿನ ಆಜ್ಞೆ ತಪ್ಪಿ, ನಾಳಗಳು ಸಡಿಲಿ, ವೇಗಸ್ ನರಕ್ಕೆ ಎದುರಾಳಿಯಿಲ್ಲದಂತಾಗುತ್ತದೆ. ಸಂಕೋಚನದ ಒತ್ತಡ 90ಕ್ಕಿಂತ ಕೆಳಗಿಳಿದರೂ ನಾಡಿ 60ರ ಆಸುಪಾಸಿನಲ್ಲಿ ನಿಧಾನವಾಗಿಯೇ ಇದ್ದು, ಕಾಲಿನ ಚರ್ಮ ಬೆಚ್ಚಗೆ, ಬೆವರಿಲ್ಲದೆ ಒಣಗಿರುವುದು ಈ ನರಜನ್ಯ ಆಘಾತದ ಲಕ್ಷಣ. ರಕ್ತಸ್ರಾವದ ಆಘಾತದಲ್ಲಾದರೋ ನಾಡಿ ಓಡುತ್ತದೆ, ಕೈಕಾಲು ತಣ್ಣಗಾಗಿ ಬೆವರಿನಿಂದ ಅಂಟುತ್ತವೆ.

ಗ್ರಂಥದಲ್ಲಿ ಇಷ್ಟು ಸ್ಪಷ್ಟವಾದ ಈ ಭೇದವು ರೋಗಿಯ ಮೈಮೇಲೆ ಹಾಗೆ ಇರುವುದಿಲ್ಲ. ಕುತ್ತಿಗೆಯ ಹುರಿ ತುಂಡಾದವನ ಗುಲ್ಮವೂ ಹರಿದಿದ್ದರೆ, ಹೊಟ್ಟೆಯಲ್ಲಿ ರಕ್ತ ತುಂಬುತ್ತಿದ್ದರೂ ಅವನು ನೋವೆನ್ನಲಾರ, ಒತ್ತಿದರೆ ಹೊಟ್ಟೆ ಬಿಗಿಯಾಗದು, ಓಡಬೇಕಾದ ನಾಡಿಯೂ ಓಡದು. ಆದುದರಿಂದ ನಿಧಾನದ ನಾಡಿ ರಕ್ತಸ್ರಾವವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಎದೆ, ಉದರ, ಶ್ರೋಣಿಗಳನ್ನು ಪರೀಕ್ಷಿಸಿ, ಅಲ್ಟ್ರಾಸೌಂಡ್ ಮಾಡಿ, ಸ್ರಾವವಿಲ್ಲವೆಂದು ತಿಳಿದ ಮೇಲೆಯೇ ನರದ ಮೇಲೆ ಹೊರೆ ಹೊರಿಸುವುದು ನ್ಯಾಯ. (ವಯಸ್ಸಾದವರು ನುಂಗುವ ಕೆಲವು ಬಿ.ಪಿ. ಗುಳಿಗೆಗಳೂ ನಾಡಿಯನ್ನು ತಡೆಹಿಡಿಯುತ್ತವೆಂಬುದನ್ನು ಮನೆಯವರನ್ನು ಕೇಳಿಯೇ ಅರಿಯಬೇಕು.) ಸೊಂಟದ ಕೆಳಭಾಗದಲ್ಲಷ್ಟೇ ಹುರಿಯ ಗಾಯವಿದ್ದು ಒತ್ತಡ ಕುಸಿದಿದ್ದರೆ, ಅದನ್ನು ನರದ ಲೆಕ್ಕಕ್ಕೆ ಬರೆಯುವುದಂತೂ ಸಲ್ಲದು. ನರಜನ್ಯವೆಂದು ನಿಶ್ಚಯವಾದಲ್ಲಿ ಸಲೈನನ್ನೇ ಸುರಿಯುತ್ತ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬೀತು; ಅಲ್ಲಿ ಬೇಕಾದುದು ನಾರ್‌ಅಡ್ರಿನಲಿನ್, ನಾಡಿ ತೀರ ಇಳಿದರೆ ಅಟ್ರೋಪಿನ್.

ಮಾರ್ಷಲ್ ಹಾಲ್ 19ನೆಯ ಶತಮಾನದಲ್ಲಿ ಹೆಸರಿಸಿದ ಬೆನ್ನುಹುರಿಯ ಆಘಾತವು ರಕ್ತಚಲನೆಯದೇ ಅಲ್ಲ: ಗಾಯದ ಕೆಳಗೆ ಸ್ನಾಯುಗಳು ಜೋತುಬಿದ್ದು ಪ್ರತಿವರ್ತನಗಳು ಅಡಗುವ, ದಿನಗಳಿಂದ ವಾರಗಳವರೆಗೆ ನಿಲ್ಲುವ ಸ್ಥಿತಿಯದು. ಅದು ಕಳೆಯುವ ಮುನ್ನ ಕಾಲು ಶಾಶ್ವತವಾಗಿ ಹೋಯಿತೆಂದು ಬಂಧುಗಳಿಗೆ ನುಡಿಯುವುದು ಆತುರ.

ಇಂಥ ರೋಗಿಯನ್ನು ಕೊಪ್ಪಳಕ್ಕೋ ಹುಬ್ಬಳ್ಳಿಗೋ ಕಳಿಸುವ ತಾಲೂಕು ವೈದ್ಯರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಕಳಿಸುವ ಚೀಟಿಯಲ್ಲಿ ಒತ್ತಡದೊಡನೆ ನಾಡಿಯ ಎಣಿಕೆ, ಅಂಗಾಲಿನ ಬಿಸುಪು, ಕೈಕಾಲಿನ ಚಲನೆ, ನೋಡಿದ ವೇಳೆ ಇವಿಷ್ಟನ್ನೂ ತಪ್ಪದೆ ಬರೆಯಿರಿ.